ಲಗಮವ್ವ ಕಾರಿಗೆ ಹೊಲಿದ ಕೌದಿ

ರಾಮದುರ್ಗದ ಬಸ್ ನಿಲ್ದಾಣದ ಎದುರು ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ಬಾಳುವಿನ ಅಂಬಾಸಿಡರ್ ಕಾರಿಗೆ ಊರವರು ಇಟ್ಟ ಹೆಸರು ಹೆಣದ ಗಾಡಿ. ಹೆಸರು ಸುಳ್ಳೇನೂ ಅಲ್ಲ. ಬೆಳಗಾವಿಯ ದವಾಖಾನೆಯಲ್ಲಿ ತೀರಿಕೊಂಡ ಒಬ್ಬರನ್ನು ಊರಿಗೆ ತರಲು ಉಳಿದ ಟ್ಯಾಕ್ಸಿಯವರು ಒಲ್ಲೆ ಎಂದಾಗ ಬಾಳು ಹೂಂ ಎಂದಿದ್ದ. ಒಮ್ಮೆ ಹೂಂ ಎಂದವನ ಬಾಗಿಲಿಗೆ ಮತ್ತೆ ಮತ್ತೆ ಅಂಥದೇ ಕೆಲಸ ಬರುತ್ತದೆ. ಕ್ರಮೇಣ ಮದುವೆಗೆ, ಬಸುರಿಯ ಕುಬಸಕ್ಕೆ, ಕೂಸಿನ ತೊಟ್ಟಿಲಿಗೆ ಆ ಕಾರನ್ನು ಕರೆಯುವವರೇ ಇಲ್ಲವಾದರು.

ಇಂಜಿನ್ ಗಟ್ಟಿಯಾಗಿತ್ತು. ಒಳಗೆ ಮಾತ್ರ ನೋಡುವಂತಿರಲಿಲ್ಲ. ಸೀಟಿನ ರೆಕ್ಸಿನ್ ಹರಿದು ತೆಂಗಿನ ನಾರು ಹೊರಬಂದಿತ್ತು. ಛತ್ತಿನ ಬಟ್ಟೆ ಜೋತುಬಿದ್ದು ಕೂತವರ ತಲೆಗೆ ತಾಗುತ್ತಿತ್ತು. ಬಾಗಿಲಿನ ರಟ್ಟು ಮಳೆಗೆ ಉಬ್ಬಿತ್ತು. ಈ ಸಲದ ಮದುವೆಯ ಹಂಗಾಮಿನಲ್ಲೂ ಒಬ್ಬ ಮದುಮಗಳು ಕಾರು ಹತ್ತದಿದ್ದರೆ ಅದನ್ನು ಬೈಲಹೊಂಗಲದ ಗುಜರಿಗೆ ಹಾಕಿ, ಎಂ.ಕೆ. ಹುಬ್ಬಳ್ಳಿ ಕಾರ್ಖಾನೆಗೆ ಕಬ್ಬಿನ ಲಾರಿ ಹೊಡೆಯುವುದೆಂದು ಬಾಳು ಗಟ್ಟಿ ಮಾಡಿಕೊಂಡಿದ್ದ. ಅದನ್ನು ಅವ್ವನಿಗೂ ಹೇಳಿದ.

ಅವನ ಅವ್ವ ಲಗಮವ್ವ ಕೌದಿ ಹೊಲಿಯುವವಳು. ಗಂಡ ಹನುಮಪ್ಪ ಸತ್ತ ಮೇಲೆ ಮಗನನ್ನು ಸಾಕಿದ್ದು ಅವಳ ಸೂಜಿ. ಸುರೇಬಾನದ ದೊಡ್ಡ ಮನೆಗಳ ಕಟ್ಟೆಯ ಮೇಲೆ ಕೂತು ಹಳೆಯ ಸೀರೆ, ಧೋತರ ಒಟ್ಟಿ ಹೊಲಿಯುತ್ತಿದ್ದಳು. ಮುಗಿದ ಕೌದಿ ಒಳಗೆ ಹೋಗುತ್ತಿತ್ತು, ಲಗಮವ್ವ ಕಟ್ಟೆಯಿಂದಲೇ ಮನೆಗೆ ಬರುತ್ತಿದ್ದಳು. ಅದರ ಬಗ್ಗೆ ಅವಳು ಮಾತಾಡಿದ್ದನ್ನು ಬಾಳು ಕೇಳಿರಲಿಲ್ಲ.

ಗುಜರಿಯ ಮಾತು ಕೇಳಿ ಅವಳು ಕಾರಿನೊಳಗೆ ತಲೆ ಹಾಕಿದಳು.

"ಇದೇನಲೇ ಬಾಳ್ಯಾ, ಗುಬ್ಬಿ ಗೂಡು ಕಟ್ಟ್ಯಾವೇನು ಇದರಾಗ?"

"ಹುಬ್ಬಳ್ಳಿಗೆ ಒಯ್ದು ರೆಕ್ಸಿನ್ ಹಾಕಸೂದು ನಮ್ಮ ಕೈಲೆ ಆಗೂದಲ್ಲಬೇ."

"ರೆಕ್ಸಿನ್ ಯಾರು ಕೇಳ್ಯಾರ? ಸೀಟು ಬಿಚ್ಚಿ ಮನೀಗಿ ತಾ."

"ಕಾರಿಗೆ ಕೌದಿ ಹೊಲೀತೀಯೇನು? ಮಂದಿ ನಗತಾರ."

"ಈಗೇನು ನಿನ್ನ ಗಾಡಿ ನೋಡಿ ಅಳಾಕ ಹತ್ಯಾರಲ್ಲ, ಒಂದೀಟು ನಗಲಿ ಬಿಡು."

ಸೀಟು ಅಂಗಳಕ್ಕೆ ಬಂತು. ಲಗಮವ್ವ ನಾರನ್ನು ಬಡಿದು, ಒಣಗಿಸಿ, ಮತ್ತೆ ತುಂಬಿ, ಮೇಲೆ ಗೋಣಿತಟ್ಟು ಎಳೆದು ಕಟ್ಟಿದಳು. ಅದರ ಮೇಲೆ ಧೋತರದ ಪದರು, ಪದರಿನ ಮೇಲೆ ತುಂಡುಗಳು. ದರ್ಜಿ ಅಂದಾನೆಪ್ಪ ಕುಬಸ ಹೊಲಿದು ಉಳಿಸಿದ ಖಣದ ಚೂರುಗಳನ್ನು ಗಂಟು ಕಟ್ಟಿ ಕೊಟ್ಟಿದ್ದ. ಅವಳು ಅಳತೆಯ ಟೇಪು ಮುಟ್ಟಲಿಲ್ಲ. ಸೀಟಿನ ಬೆನ್ನು ಬಾಗಿದ ಕಡೆ ತುಂಡು ತಾನಾಗಿ ಸಣ್ಣದಾಗುತ್ತಿತ್ತು, ಅಗಲವಾದ ಕಡೆ ದೊಡ್ಡದಾಗುತ್ತಿತ್ತು. ಹೊಲಿಗೆಯ ಟಾಕಿಗಳು ಇರುವೆ ಸಾಲಿನ ಹಾಗೆ ಅಂಚಿನಿಂದ ಹೊರಟು ಸುತ್ತಿ ಸುತ್ತಿ ನಡುವಿಗೆ ಬಂದು ನಿಂತವು. ಹುಟ್ಟಿದಾಗಿನಿಂದ ಈ ಸೂಜಿಯ ಪಕ್ಕದಲ್ಲೇ ಮಲಗಿದ ಬಾಳು ಅದನ್ನು ಅಂದು ಮೊದಲ ಸಲ ಕಣ್ಣಿಟ್ಟು ನೋಡಿದ. ಅವನಿಗೆ ಸ್ವಲ್ಪ ಹೆದರಿಕೆಯೂ ಆಯಿತು. ಇಷ್ಟೆಲ್ಲ ಬಲ್ಲವಳನ್ನು ಅವನು ಬರೀ ಅವ್ವ ಎಂದುಕೊಂಡಿದ್ದ.

ಬಾಗಿಲಿನ ರಟ್ಟಿನ ಮೇಲೆ ಭಾರ ಹೇರಿ ಸಪಾಟು ಮಾಡಿ ಖಣ ಅಂಟಿಸಿದಳು. ಮೈದಾದ ಅಂಟಿಗೆ ಹುಳ ಹತ್ತಬಾರದೆಂದು ಮೈಲುತುತ್ತ ಬೆರೆಸಿದಳು. ಹಿಡಿಕೆಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದಳು. ಕೈಚೀಲ ಹೆಣೆಯುವ ಪ್ಲಾಸ್ಟಿಕ್ ವಾಯರಿನಿಂದ ಬಾಳು ತಾನೇ ಸ್ಟೇರಿಂಗ್ ಸುತ್ತಿದ. ಛತ್ತಿಗೆ ಹಳೆಯದೊಂದು ಇಳಕಲ್ ಸೀರೆ. ಅದರ ಕೆಂಪು ಸೆರಗು ಹಿಂದಿನ ಸೀಟಿನ ನೇರ ಮೇಲೆ ಬರುವಂತೆ ಲಗಮವ್ವ ಬಿಗಿದಳು.

"ಅದ್ಯಾಕಬೇ ಅಲ್ಲಿಗೇ?"

"ಹೆಣ್ಣಮಕ್ಕಳು ಕುಂದರೂದು ಹಿಂದಲ್ಲ? ತಲೀ ಮ್ಯಾಲ ಸೆರಗಿರಬೇಕು."

ಸೀಟಿನ ಕೊನೆಯ ಮೂಲೆ ಮುಚ್ಚುವ ಮೊದಲು ಅವಳು ಹೋಳಿಗೆಯ ಚೂರೊಂದನ್ನು ಒಳಗಿಟ್ಟು ಹೊಲಿದಳು. ಕೌದಿ ಹೊಲಿಯುವವರು ಇದನ್ನು ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಮಲಗಿದವರ ನಿದ್ದೆ ತಿನ್ನುತ್ತದೆ ಎಂಬುದು ಅವರ ನಂಬಿಕೆ. ದಾರ ಪೋಣಿಸಿದ ಸೂಜಿಯನ್ನು, ಎಲ್ಲಿಯಾದರೂ ಹೊಲಿಗೆ ಬಿಚ್ಚಿದರೆ ಬೇಕಾದೀತೆಂದು, ಕನ್ನಡಿಯ ಮೇಲಿನ ಛತ್ತಿನ ಸೀರೆಗೆ ಚುಚ್ಚಿಟ್ಟಳು.

ಸೀಟನ್ನು ಕೂರಿಸಿ, ಅಂಚಿಗೆ ಮೊಳೆ ಹೊಡೆದು, ಬಾಳು ಬಾಗಿಲು ಹಾಕಿಕೊಂಡು ಹಿಂದೆ ಕೂತ. ಹಿಂದಿನ ಗಾಜಿನಿಂದ ಬಂದ ಬೆಳಗಿನ ಬಿಸಿಲು ಖಣದ ಜರಿಗೆ ಬಡಿದು ಛತ್ತಿನ ಸೆರಗಿಗೆ ಏರಿತು. ಇಡೀ ಕಾರು ಒಳಗಿನಿಂದ ಕೆಂಪಾಯಿತು. ಈ ಸೀಟಿನ ಮೇಲೆ ಎಂಥೆಂಥವರನ್ನು ಮಲಗಿಸಿ ತಂದಿದ್ದ ಅವನು. ಬಹಳ ಹೊತ್ತು ಇಳಿಯಲಿಲ್ಲ.

ನೋಡಲು ಜನ ಬಂದರು. ಮೂಗಿನ ಮೇಲೆ ಬೆರಳಿಟ್ಟರು. ಬಾಡಿಗೆಗೆ ಮಾತ್ರ ಯಾರೂ ಕೇಳಲಿಲ್ಲ.

ಕೊನೆಗೆ ಸುರೇಬಾನದ ಮಹಾಂತಪ್ಪ ಸಾವಕಾರ ಬಂದ. ಮಗಳು ಸುಂದರವ್ವನನ್ನು ಬೈಲಹೊಂಗಲದ ಗಂಡನ ಮನೆಗೆ ಕಳಿಸುವ ದಿನವೇ ಅವನು ಗೊತ್ತು ಮಾಡಿದ್ದ ಟ್ಯಾಕ್ಸಿ ಕೆಟ್ಟು ನಿಂತಿತ್ತು. ಬೇರೆ ದಾರಿ ಇರಲಿಲ್ಲ. ಸಿಟ್ಟಿನಲ್ಲೇ ಬಾಗಿಲು ತೆಗೆದವನು ಒಳಗಿನ ಖಣ, ಸೆರಗು ನೋಡಿದ. ಆಮೇಲೆ ಚಪ್ಪಲಿ ಕಳಚಿ, ಕೈಯಲ್ಲಿ ಹಿಡಿದುಕೊಂಡು ಹತ್ತಿದ.

ಅವನ ತಾಯಿ ಸೋಮವ್ವ ಅಷ್ಟಕ್ಕೆ ಕರಗುವವಳಲ್ಲ. ಮೊಮ್ಮಗಳ ಪಕ್ಕದಲ್ಲಿ ತುದಿಯ ಮೇಲೆ ಕೂತು ಹೇಳಿದಳು: "ಅರಿವಿ ಹೊದಿಸಿದ್ರ ಹೆಣದ ಗಾಡಿ ಮದುವಿ ಗಾಡಿ ಆಗತೈತೇನು? ಶಿವನ ಹೆಸರು ಹೇಳಿ ಹೊಡಿ."

ಸವದತ್ತಿ ದಾಟುತ್ತಲೇ ಸುಂದರವ್ವ ಕಿರುಚಿದಳು. ಸೀಟಿನ ಮೂಲೆಯಿಂದ ಕೆಂಪಿರುವೆಗಳು ಸಾಲುಗಟ್ಟಿ ಅವಳ ಸೀರೆಗೆ ಹತ್ತಿದ್ದವು. ಬಾಳು ಗಾಡಿ ನಿಲ್ಲಿಸಿದ. ಎಲ್ಲರೂ ಕೆಳಗಿಳಿದು ಬಟ್ಟೆ ಕೊಡವಿದರು.

"ಮಂದಿ ಅನ್ನೂದು ಖರೇನ ಐತಿ!" ಮಹಾಂತಪ್ಪ ಕೂಗಿದ. "ಹೆಣಕ್ಕ ಹತ್ತಿದ ಇರುವಿ ಇವು! ಬಸ್ಸಿಗೆ ಹೋಗೂಣು, ನಡೀರಿ. ಮಗನ, ಇದನ್ನ ಇಡೀ ತಾಲೂಕಿಗೇ ಹೇಳತೇನಿ."

ಈ ಮಾತು ಊರು ಮುಟ್ಟಿದರೆ ಬಾಳುವಿನ ಕಾರಿಗೆ ಗುಜರಿಯೇ ಗತಿ.

ಸೋಮವ್ವ ಮಾತ್ರ ಬಗ್ಗಿ ಇರುವೆಗಳ ಸಾಲು ಹಿಡಿದು ಹೋದಳು. ಅದು ಮುಗಿದ ಮೂಲೆಯ ಹೊಲಿಗೆಯನ್ನು ಉಗುರಿನಿಂದ ಬಿಚ್ಚಿದಳು. ಬೆರಳಿಗೆ ಹೋಳಿಗೆಯ ಚೂರು ಸಿಕ್ಕಿತು. ಅವಳು ಅದನ್ನು ನೋಡಿದಳು, ಆಮೇಲೆ ಬಗ್ಗಿ ಟಾಕಿಗಳ ಹತ್ತಿರ ಕಣ್ಣು ತಂದಳು.

"ಇವು ಲಗಮೀ ಟಾಕಿ. ನೀ ಲಗಮೀ ಮಗನೇನಲೇ?"

"ಹೌದ್ರಿ ಅವ್ವಾರ. ನಮ್ಮವ್ವ ಕೌದಿ ಹೊಟ್ಟಿ ತುಂಬಸ್ಯಾಳ್ರಿ."

"ಮಾಂತ್ಯಾ, ಬಾಯಿ ಮುಚ್ಚು. ಈ ಹುಡುಗೀ ತೊಟ್ಟಲಾಗ ಹಾಸಿದ್ದು ಆಕೀ ಕೌದೀನ. ಹೊಟ್ಟಿ ತುಂಬಿದ್ದು ಹೆಣ ಹ್ಯಾಂಗ ಆಗತೈತಿ?" ಬಾಳುವಿನ ಕಡೆ ತಿರುಗಿದಳು. "ನಿಮ್ಮವ್ವನೂ ಒಂದು ಮರತಾಳ ನೋಡು. ಮನ್ಯಾಗಿನ ಕೌದಿ ಬಿಸಲಿಗೆ ಹಾಕತೇವಿ, ಝಾಡಸತೇವಿ. ಇದನ್ನ ಮೊಳಿ ಹೊಡದು ಕುಂದ್ರಿಸೀರಿ. ನಿಲ್ಲಸೂದು ಬೇವಿನ ಗಿಡದ ಕೆಳಗ. ಇರುವಿ ಬರಲಾರದ ಏನು ಮಾಡ್ಯಾವು?"

ಚೂರನ್ನು ದೂರ ಎಸೆದು, ಇರುವೆ ಕೊಡವಿ, ಮೊಮ್ಮಗಳ ಮುಂದೆ ಕೈ ಚಾಚಿದಳು. "ನಿನ್ನ ಉಡಿಯಾಗಿನ ಅಕ್ಕಿ ಒಂದು ಚಿಮಟಿಗಿ ಕೊಡು."

ತವರಿನವರು ಮಡಿಲ ಸೆರಗಿಗೆ ಅಕ್ಕಿ, ಅರಿಶಿಣಕೊಂಬು ತುಂಬಿ ಕಳಿಸಿದ ಉಡಿ ಅದು. ಸುಂದರವ್ವ ಸೆರಗು ಬಿಗಿ ಹಿಡಿದಳು. "ಕಾರಿಗೆ ಕೊಟ್ರ ನಂದು ಕಡಿಮಿ ಆಗೂದಿಲ್ಲೇನ ಆಯಿ?"

"ಉಡಿ ಹಂಚಿದ್ರ ಹೆಚ್ಚಾಗತೈತಿ. ಕೊಡು, ಹುಚ್ಚಿ."

ಅಕ್ಕಿಯನ್ನೂ ಒಂದು ಅರಿಶಿಣಕೊಂಬನ್ನೂ ಮೂಲೆಗೆ ತುಂಬಿದಳು. ಬಾಳು ಛತ್ತಿನಿಂದ ಸೂಜಿ ಕಿತ್ತು ಕೊಟ್ಟ. ರಸ್ತೆಯ ಬದಿಯಲ್ಲಿ, ಆ ಮುದುಕಿ ತನ್ನ ಮನೆಯ ಕಟ್ಟೆ ದಾಟಿ ಒಳಗೆ ಬಾರದ ಲಗಮವ್ವನ ಹೊಲಿಗೆಯನ್ನು ತಾನೇ ಕೂತು ಮುಚ್ಚಿದಳು. ಬಾಳುವಿಗೆ ಕಣ್ಣು ಕೀಳಲಾಗಲಿಲ್ಲ. ದಾರ ಕಡಿದು ಅವಳು ಸೀಟಿನ ತುಂಬ ಕೂತಳು, ತುದಿಯ ಮೇಲಲ್ಲ.

ಬೈಲಹೊಂಗಲದಲ್ಲಿ ಬೀಗರ ಹೆಂಗಸರು ಕಿಟಕಿಯೊಳಗೆ ತಲೆ ತೂರಿಸಿ ಛತ್ತಿನ ಸೆರಗು ಮುಟ್ಟಿ ನೋಡಿದರು. "ಉಡಿ ತುಂಬಿದ ಗಾಡಿ ಇದು," ಎಂದು ಸೋಮವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು. ಅವಳ ಮಾತಿಗೆ ಆ ಕಡೆ ಯಾರೂ ಎದುರಾಡುತ್ತಿರಲಿಲ್ಲ. ಸಂಜೆಯೊಳಗೆ ಅಲ್ಲಿಯವರೇ ಇನ್ನೊಂದು ಮದುವೆಗೆ, ಕಿತ್ತೂರಿಗೆ, ಕಾರನ್ನು ಬಾಡಿಗೆಗೆ ಹೇಳಿದರು.

ಬಾಳು ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದ. ಲಗಮವ್ವ ಹಣೆ ಬಡಿದುಕೊಂಡಳು. "ಅಂಟಿಗೆ ಮೈಲುತುತ್ತ ಹಾಕಿದಾಕಿ ಸೀಟಿನಾಗ ಹೋಳಿಗಿ ಇಟ್ಟೆ. ಬುದ್ಧಿ ಎಲ್ಲಿಟ್ಟಿದ್ದೆ ನಾ?"

ಆಮೇಲೆ ಕಾರಿನ ಬಾಗಿಲು ತೆಗೆದು ಆ ಮೂಲೆಯ ಮೇಲೆ ಬೆರಳಾಡಿಸಿದಳು. ಒಳಗಿನ ಅಕ್ಕಿ ಕೈಗೆ ಹತ್ತಿತು.

"ಅವ್ವಾರ ಟಾಕಿ ಬಾಳ ದೊಡ್ಡವು," ಎಂದಳು.

"ಬಿಚ್ಚಿ ಮತ್ತ ಹೊಲೀತೀಯೇನು?"

"ಬ್ಯಾಡ. ಇರಲಿ."

ಹೊಲಿಗೆ ಓರೆಯಾದರೆ ಇಡೀ ಕೌದಿ ಬಿಚ್ಚುವ ಹೆಂಗಸು ಅವಳು. ಆ ದೊಡ್ಡ ಟಾಕಿಗಳು ಕಾರು ಇರುವವರೆಗೂ ಹಾಗೆಯೇ ಇದ್ದವು.