ಖಂಡೇಪೂಜೆಗೆ ಕೂತ ಹಾರ್ಡ್ ಡಿಸ್ಕ್

ಜಮಖಂಡಿಯಲ್ಲಿ ನನ್ನ ಕೆಲಸ ಏನೆಂದು ಹೇಳಿ ಹೇಳಿ ಸಾಕಾಗಿದೆ. ಕಂಪ್ಯೂಟರಿಗೆ ಕಳ್ಳರು ನುಗ್ಗದ ಹಾಗೆ ನೋಡಿಕೊಳ್ಳುತ್ತೇನೆ ಎಂದರೆ, "ಅಂದ್ರ ವಾಚ್‌ಮನ್ ಏನ್ರಿ?" ಎನ್ನುತ್ತಾರೆ. ಹೂಂನ್ರಪ್ಪಾ, ವಾಚ್‌ಮನ್ನೇ. ಮುಧೋಳ, ಬೀಳಗಿ ಎಂದು ಬೈಕಿನಲ್ಲಿ ಸುತ್ತುವ ವಾಚ್‌ಮನ್.

ಬನಹಟ್ಟಿಯಲ್ಲಿ ಸೀರೆ ನೇಯಿಸುವ ಹಿರಿಯರೊಬ್ಬರು ನನ್ನ ಗಿರಾಕಿ. ಮಗ್ಗಕ್ಕೆ ಬೇಕಾದ ದಡಿ, ಅಂದರೆ ಸೀರೆಯಂಚು, ಮತ್ತು ಸೆರಗಿನ ಚಿತ್ರಗಳೆಲ್ಲ ಅವರ ಕಂಪ್ಯೂಟರಿನಲ್ಲಿದ್ದವು. ಅದರಲ್ಲೊಂದು ದಡಿಯನ್ನು ತೀರಿಹೋದ ಅವರ ಹೆಂಡತಿ ಬರೆದಿದ್ದರು, ಕಾಗದ ಮುಟ್ಟದೆ, ನೇರ ಪರದೆಯ ಮೇಲೆ. "ಉಳದದ್ದು ಹೋದ್ರ ಹೋಗ್ಲಿ, ಅಕೀದೊಂದು ಜ್ವಾಕಿ ಮಾಡಿಕೊಡ್ರಿ" ಎಂದಿದ್ದರು. ಎಲ್ಲದರ ನಕಲನ್ನು ಹಾರ್ಡ್ ಡಿಸ್ಕಿಗೆ ಹಾಕಿಕೊಟ್ಟೆ. ಇದನ್ನು ಕಪಾಟಿನಲ್ಲೇ ಇಡಿ, ನಾನಿಲ್ಲದಾಗ ಕಂಪ್ಯೂಟರಿಗೆ ಜೋಡಿಸಬೇಡಿ ಎಂದು ಗಿಳಿಗೆ ಹೇಳಿದ ಹಾಗೆ ಹೇಳಿದ್ದೆ.

ದಸರೆಯ ದಿನ ಬೆಳಿಗ್ಗೆ ಅವರ ಫೋನ್ ಬಂತು. ಹೋದೆ. ಮಗ್ಗಗಳು ನಿಂತಿದ್ದವು. ಹಿಂದಿನ ದಿನದ ಖಂಡೇಪೂಜೆಯ, ಅಂದರೆ ಆಯುಧಪೂಜೆಯ ವಿಭೂತಿ, ಚೆಂಡುಹೂವು ಕಂಪ್ಯೂಟರಿನ ಮೇಲೆ ಹಾಗೇ ಇದ್ದವು. ಪರದೆಯಲ್ಲಿ ಒಂದೇ ಬರಹ: ನಿಮ್ಮ ಫೈಲುಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಡಿ. ಯಾವುದೋ ಮೇಲ್ ತೆರೆದಾಗ ಒಳಬಂದ ವೈರಸ್ಸು. ಇರಲಿ, ನಕಲಿದೆಯಲ್ಲ ಎಂದುಕೊಂಡು ಪಕ್ಕಕ್ಕೆ ನೋಡಿದೆ. ಹಾರ್ಡ್ ಡಿಸ್ಕ್ ಕುಂಕುಮ ಹಚ್ಚಿಸಿಕೊಂಡು, ಕಂಪ್ಯೂಟರಿಗೆ ಜೋಡಿಯಾಗಿ ಕೂತಿತ್ತು. ಅದಕ್ಕೂ ಬೀಗ ಬಿದ್ದಿತ್ತು.

"ಹಚ್ಚಬ್ಯಾಡ್ರಿ ಅಂತ ಎಷ್ಟು ಸಲ ಬಡಕೊಂಡೇನ್ರಿ ಕಾಕಾ?" ಸಿಟ್ಟು ನೆತ್ತಿಗೇರಿತ್ತು.

"ಬಿಡಿ ಬಿಡಿ ಇಟ್ಟು ಪೂಜಿ ಹೆಂಗ ಮಾಡೂದ್ರಿ? ಮಗ್ಗಕ್ಕ ಲಾಳಿ ಹಾಕೇ ಪೂಜಿ ಮಾಡ್ತೇವಿ. ಬನ್ನಿ ಮುಡಿಯೂತನಕ ಅಲುಗಾಡಸಂಗಿಲ್ಲ." ಡಿಸ್ಕಿನ ಕಡೆ ಬೆರಳು ತೋರಿಸಿ ಹೇಳಿದರು, "ಅಕೀದು ಅದರಾಗ ಐತ್ರಿ. ಹಬ್ಬದ ದಿನ ಅದನ್ನೊಂದ ಕಪಾಟಿನ್ಯಾಗ ಬಿಡಾಕ ಮನಸ್ಸಾಗಲಿಲ್ಲ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಗೊತ್ತಿದ್ದ ವಿದ್ಯೆಯೆಲ್ಲ ಖರ್ಚು ಮಾಡಿದೆ, ಗೊತ್ತಿದ್ದವರಿಗೆಲ್ಲ ಫೋನ್ ಹಚ್ಚಿದೆ. ಮಧ್ಯಾಹ್ನವಾದರೂ ಬೀಗ ಬಿಚ್ಚಲಿಲ್ಲ. ಹಣ ಕೊಟ್ಟರೂ ಸಿಗುವ ಖಾತ್ರಿ ಇಲ್ಲ ಎಂದು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

"ಆ ದಡಿ ಸೀರಿ ಒಂದರ ಇದ್ರ ಕೊಡ್ರಿ. ನೋಡಿಕೊಂಡು ಮತ್ತ ಬರಸೋಣು."

"ಒಂದ ನೇಯ್ದಿದ್ದೆ. ಅಕೀಗೇ ಉಡಿಸಿ ಮಣ್ಣು ಮಾಡೇವಲ್ರಿ."

"ಅವತ್ತಿಂದು ಫೋಟೊ?"

ಫೋನ್ ತೆಗೆದು ತೋರಿಸಿದರು. ಕೊರಳಿಂದ ಪಾದದ ತನಕ ಬರೀ ಹೂವು. ನಾನು ಎಷ್ಟು ದೊಡ್ಡದು ಮಾಡಿ ನೋಡಿದರೂ ದಡಿ ಎಲ್ಲೂ ಕಾಣಲಿಲ್ಲ.

"ಮಂದಿ ಭಾಳ ಹೂವಿನ ಮಾಲಿ ತಂದಿದ್ರು," ಎಂದರು.