ಆಂಬೋಲಿ ಘಾಟ್ ಕಲಿಸಿದ ಅಮೀರ

ಮುಗಳಖೋಡದ ಅಮೀರ ಹದಿನಾರು ವರ್ಷ ರಾಯಬಾಗದ ವ್ಯಾಪಾರಿ ಕಾಮಣ್ಣನ ಪಿಕಪ್ ಓಡಿಸಿದವನು. ಹಸಿಮೆಣಸಿನಕಾಯಿ, ಬದನೆಕಾಯಿ ಹೇರಿಕೊಂಡು ನಿಪ್ಪಾಣಿ ದಾಟಿ, ಆಜರಾ ಮೇಲಿಂದ ಆಂಬೋಲಿ ಘಾಟ್ ಇಳಿದು ಸಾವಂತವಾಡಿಗೆ ಮುಟ್ಟಿಸುವುದು ಅವನ ಕೆಲಸ. ಒಂದು ದಿನವೂ ಗಾಡಿಗೆ ಗೀರು ಬಿದ್ದಿರಲಿಲ್ಲ.

ಶಿರಗುಪ್ಪಿಯ ಸಂಭಾಜಿ ಅವನ ಹಳೆಯ ಗೆಳೆಯ. ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಹಂಗಾಮು ಮುಗಿದರೆ ಕೈಗೆ ಕೆಲಸವಿಲ್ಲ. ಹೋದ ವರ್ಷ ಮಾರ್ಚಿನಲ್ಲಿ ಅಮೀರನೇ ಕಾಮಣ್ಣನಿಗೆ ಹೇಳಿ ಅವನನ್ನು ಜೊತೆಗೆ ಕರೆದೊಯ್ಯತೊಡಗಿದ. ಬಯಲಲ್ಲಿ ಓಡಿಸಿದವನಿಗೆ ಘಾಟಿನ ತಿರುವುಗಳು ಹೊಸವು.

"ಇಳೀವಾಗ ಬ್ರೇಕ್ ಮ್ಯಾಲ ಕಾಲ ಇಟ್ಟಕೊಂಡ ಕುಂದರಬ್ಯಾಡ. ಕಾದು ಹಿಡಿಯೂದ ಬಿಡತಾವ. ಯಾವ ಗೇರಿನ್ಯಾಗ ಏರತಿಯೋ ಅದ ಗೇರಿನ್ಯಾಗ ಇಳಿ," ಎಂದು ಅಮೀರ ಒಂದೊಂದು ತಿರುವನ್ನೂ ಕಲಿಸಿದ.

ಒಂದು ಮುಂಜಾನೆ ತಿರುವಿನಲ್ಲಿ ಎದುರು ಬಿಸಿಲು ಬಡಿದು, ಬರುತ್ತಿದ್ದ ಬಸ್ಸು ಅಮೀರನಿಗೆ ಕಾಣಲಿಲ್ಲ. ಹಾರನ್ ಕೇಳಿ ಗಾಡಿಯನ್ನು ಗುಡ್ಡದ ಬದಿಗೆ ಒತ್ತಿ ನಿಲ್ಲಿಸಿದ. ಕೆಳಗಿಳಿದು ಕಲ್ಲಿನ ಮೇಲೆ ಕೂತು ಗೆಳೆಯನಿಗೆ ನಿಜ ಹೇಳಿದ.

"ಕಣ್ಣಾಗ ಪೊರಿ ಬಂದೈತಿ. ಮಿರಜಿಗೆ ಹೋಗಿ ಆಪರೇಷನ್ ಮಾಡಿಸ್ಕೋತೀನಿ. ಅಲ್ಲೀತನಾ ನೀನ ಹೊಡಿ. ಯಾರ ಮುಂದೂ ಆಡಬ್ಯಾಡ."

"ನನ್ನ ಹೊಟ್ಟ್ಯಾಗ ಇರತೈತಿ," ಎಂದ ಸಂಭಾಜಿ.

ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ, ಕಣ್ಣು ನಿಚ್ಚಳವಾದ ಮೇಲೆ, ಡಾಕ್ಟರರ ಚೀಟಿ ಹಿಡಿದು ಅಮೀರ ಕಾಮಣ್ಣನ ಅಂಗಡಿಗೆ ಹೋದ. ಕಾಮಣ್ಣ ಚೀಟಿ ಓದಿ ಮಡಚಿ ವಾಪಸ್ ಕೊಟ್ಟ.

"ಕಣ್ಣ ಕಾಣದಿದ್ರೂ ಗಾಡಿ ಘಾಟ್ ಇಳಿಸಿದಿ. ನನಗೊಂದ ಮಾತ ಹೇಳಲಿಲ್ಲ. ಗಾಡಿ ಕಂದಕಕ್ಕ ಹೊಂಟಾಗ ಸಂಭಾಜಿ ಸ್ಟೇರಿಂಗ್ ಕಸಕೊಂಡು ಉಳಿಸಿದ್ನಂತ. ಇನ್ನ ಅವನ ಹೊಡೀತಾನ."

"ಗಾಡಿ ನಿಲ್ಲಿಸಿದಾಂವ ನಾನರಿ," ಎಂದ ಅಮೀರ. ಕಾಮಣ್ಣ ಲೆಕ್ಕದ ಪುಸ್ತಕ ತೆರೆದ. ಹೇಳದೆ ಮುಚ್ಚಿಟ್ಟಿದ್ದು ತನ್ನ ತಪ್ಪೇ, ಅದು ಅಮೀರನಿಗೂ ಗೊತ್ತಿತ್ತು. ಆದರೆ ಸ್ಟೇರಿಂಗ್ ಕಸಿದುಕೊಂಡ ಮಾತು ಸಂಭಾಜಿ ಕಟ್ಟಿದ ಸುಳ್ಳು. ಚೀಟಿ ಕಿಸೆಗೆ ಹಾಕಿಕೊಂಡು ಮನೆಗೆ ಬಂದ.

ಜುಲೈ ತಿಂಗಳ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಸಂಭಾಜಿಯ ಫೋನ್ ಬಂತು.

"ಅಮೀರಭಾಯಿ, ಆಂಬೋಲಿ ಚಹಾದಂಗಡ್ಯಾಗ ನಿಂತೀನಿ. ಮಂಜಿನ್ಯಾಗ ರಸ್ತೆನ ಕಾಣವಲ್ದು. ಹೆಂಗ ಇಳೀಲಿ?"

ಹೆಂಡತಿ ಮೆಹರುಬಿ ಫೋನ್ ಇಡುವಂತೆ ಕೈಸನ್ನೆ ಮಾಡಿದಳು. ಅಮೀರ ಫೋನನ್ನು ಇನ್ನೊಂದು ಕಿವಿಗೆ ಹಿಡಿದು ಹೇಳಿದ. "ಒಂದ ತಾಸ ತಡಿ. ಬಸ್ ಬಂದ್ರ ಅದರ ಹಿಂದ ಹೋಗು. ಎರಡನೇ ಗೇರ್ ಬಿಡಬ್ಯಾಡ. ನೀರ ಬೀಳೂ ಧಬಧಬಿ ಹತ್ತರ ನೋಡೂ ಮಂದಿ ಅಡ್ಡ ನಿಂತಿರತಾರ, ಹಾರನ್ ಹೊಡಕೋತ ಇಳಿ."

"ನಿನ್ನ ಉಪಕಾರ..."

"ಸ್ಟೇರಿಂಗ್ ನೀ ಕಸಕೊಂಡಿದ್ದೇನು?"

ಆ ಕಡೆ ಯಾರೋ ಮರಾಠಿಯಲ್ಲಿ ಚಹಾ ಕೇಳುವುದು ಕೇಳಿಸಿತು.

"ಮಾಲಕರ ಮುಂದ ಹಂಗ ಹೇಳಬೇಕಾತು," ಎಂದ ಸಂಭಾಜಿ.

ಅಮೀರ ಫೋನ್ ಇಟ್ಟ.

"ಅವಗ ದಾರಿ ಯಾಕ ಹೇಳಿದ್ರಿ?" ಎಂದಳು ಮೆಹರುಬಿ. ಅವನು ರೊಟ್ಟಿ ಮುರಿದು ತಟ್ಟೆಯಲ್ಲೇ ಬಿಟ್ಟು ಎದ್ದ.

ಈಗ ಅಮೀರ ಚಿಂಚಲಿಯಿಂದ ರಾಯಬಾಗಕ್ಕೆ ಹಾಲಿನ ಕ್ಯಾನು ಸಾಗಿಸುತ್ತಾನೆ. ಸಪಾಟು ರಸ್ತೆ, ಅರ್ಧ ದಿನದ ಕೆಲಸ. ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ.