ಮೊಣಕೈ ಮಾತ್ರ ಕಾಣುವ ರಾಯಭಾರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಒಳಗೆ ಎಪ್ಪತ್ತು ದಾಟಿದ ಒಬ್ಬರು ಕೋಟು ಕಳಚಿ ಕಿಟಕಿಯ ಚಿಲಕಕ್ಕೆ ನೇತುಹಾಕಿ, ಅಂಗಿಯ ತೋಳು ಮಡಚಿಕೊಂಡು ಉದ್ದನೆಯ ಮೇಜು ನೂಕುತ್ತಿದ್ದಾರೆ. ನೂಕುವುದು, ಹಿಂದೆ ಸರಿದು ನೋಡುವುದು, ಮತ್ತೆ ನೂಕುವುದು. ನಾನೂ ಕೈ ಹಾಕಲಾ ಎಂದು ಕೇಳಿದರೆ, "ನೀವು ಕೇಳಿದ್ದೇ ದೊಡ್ಡದು. ಖಂಡಿತ ಯೋಚಿಸ್ತೀನಿ" ಎನ್ನುತ್ತಾರೆ. ಸರಿ ಎಂದುಕೊಂಡು ನಾನು ಇನ್ನೊಂದು ತುದಿ ಹಿಡಿಯುತ್ತೇನೆ. ಅವರ ಮುಖ ಯಾಕೋ ಸಪ್ಪಗಾಗುತ್ತದೆ. ಅವರು ಬೇಡ ಎಂದಿದ್ದರು ಎನ್ನುವುದು ನನ್ನ ತಲೆಗೆ ಹೋಗಿದ್ದು ಎಷ್ಟೋ ಹೊತ್ತಿನ ಮೇಲೆ.

ಇವರು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದ ಮುಖ್ಯಸ್ಥರು. ಅದಕ್ಕೂ ಮೊದಲು ಮೂವತ್ತಕ್ಕೂ ಹೆಚ್ಚು ವರ್ಷ ರಾಜತಾಂತ್ರಿಕ ಸೇವೆ, ಕೊನೆಯಲ್ಲಿ ರಾಯಭಾರಿ. "ರಾಯಭಾರಿ ಎಲೆಮರೆಯ ಕಾಯಿ ಹೇಗಾಗ್ತಾರ್ರೀ?" ಎಂದು, ಎಲೆಮರೆಯ ಕಾಯಿಗಳ ಅಂಕಣಕ್ಕೆ ಇವರ ಬಗ್ಗೆ ಬರೆಯುತ್ತೇನೆಂದಾಗ ನಮ್ಮ ಪತ್ರಿಕೆಯ ಸಂಪಾದಕರು ಹುಬ್ಬೇರಿಸಿದ್ದರು. ಒಂದು ಸಲ ಬಂದು ನೋಡಿ ಸ್ವಾಮಿ! ಇವರ ವಿಭಾಗಕ್ಕಿರುವುದು ಪಾಠದ ಕೋಣೆ ಇದೊಂದೇ, ಪಕ್ಕದಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗಿರಬೇಕಾದಂಥ ಆಫೀಸು, ಪಾಠಕ್ಕೆ ಇವರ ಜೊತೆ ಇನ್ನಿಬ್ಬರು, ಬೆರಳೆಣಿಕೆಯ ವಿದ್ಯಾರ್ಥಿಗಳು, ಒಬ್ಬ ಸಹಾಯಕಿ. ಕ್ಯಾಂಪಸ್ಸಿನ ಗೇಟಿನಲ್ಲಿ ಈ ವಿಭಾಗ ಎಲ್ಲಿ ಎಂದು ಕೇಳಿದರೆ ಕಾವಲುಗಾರ ನನ್ನನ್ನು ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗೆ ಕಳಿಸಿದ.

ವಿದ್ಯಾರ್ಥಿಗಳು ಬೆನ್ನ ಹಿಂದೆ ಇವರನ್ನು 'ನೋಡೋಣ ಸಾರ್' ಎನ್ನುತ್ತಾರೆ. ರಜೆ ಕೇಳಿದರೂ ನೋಡೋಣ, ಪ್ರವಾಸ ಕೇಳಿದರೂ ನೋಡೋಣ. ಇಲ್ಲ ಎನ್ನುವ ಪದ ಇವರ ಬಾಯಲ್ಲಿ ಹುಟ್ಟಿಯೇ ಇಲ್ಲ.

"ನಾನು ಸೇವೆಗೆ ಸೇರಿದ ಹೊಸದರಲ್ಲಿ ನಮ್ಮ ಮೇಲಧಿಕಾರಿ ಒಂದು ಮಾತು ಹೇಳಿದ್ರು," ಎಂದು ಕುರ್ಚಿಗಳ ಸಾಲು ನೇರ ಮಾಡುತ್ತಲೇ ವಿವರಿಸುತ್ತಾರೆ. "ನೀನು ಇಲ್ಲ ಅಂದ್ರೆ ಎದುರಿಗಿರೋನು ಎದ್ದು ಹೋಗ್ತಾನೆ. ಎದ್ದು ಹೋದವನನ್ನ ಮತ್ತೆ ಕೂರಿಸೋದು ಬಹಳ ಕಷ್ಟ ಕಣಯ್ಯ ಅಂತ. ಅದು ಮೈಗೆ ಹತ್ತಿಬಿಡ್ತು ನೋಡಿ."

ಮೈಗೆ ಹತ್ತಿದ್ದು ಎಷ್ಟರಮಟ್ಟಿಗೆ ಎನ್ನುವುದನ್ನು ಅವರ ಹೆಂಡತಿಯ ಬಾಯಿಂದಲೇ ಕೇಳಬೇಕು. ನಿನ್ನೆ ಸಂಜೆ ಅವರ ಮನೆಗೆ ಹೋಗಿದ್ದೆ. "ನಮ್ಮಪ್ಪ ಹೋಗಿ, ನನ್ನ ಮಗಳನ್ನ ಮದುವೆ ಆಗ್ತೀರಾ ಅಂತ ನೇರವಾಗಿ ಕೇಳಿದ್ರಂತೆ. ಇವರು, ನಿಮ್ಮ ಪ್ರಸ್ತಾಪವನ್ನ ಪೂರ್ಣ ಸದ್ಭಾವನೆಯಿಂದ ಸ್ವೀಕರಿಸಿದ್ದೇನೆ ಅಂದ್ರಂತೆ. ಅಪ್ಪ ಮನೆಗೆ ಬಂದು, ಆ ಹುಡುಗನಿಗೆ ಇಷ್ಟ ಇಲ್ಲಮ್ಮ, ಬೇರೆ ಕಡೆ ನೋಡೋಣ ಅಂದ್ಬಿಟ್ರು! ಇವರು ಆ ಕಡೆ ಹೊಸ ಸೂಟು ಹೊಲಿಸ್ಕೊಂಡು ಕೂತಿದ್ರು," ಎಂದು ಆಕೆ ನಕ್ಕಿದ್ದೇ ನಕ್ಕಿದ್ದು. ಆಮೇಲೆ ನನ್ನನ್ನು ಅಡುಗೆಮನೆಯ ಅಟ್ಟದ ಕೆಳಗೆ ನಿಲ್ಲಿಸಿ ಮೇಲೆ ನೋಡಲು ಹೇಳಿದರು. ಅಲ್ಲಿ ಒಂದರ ಪಕ್ಕ ಒಂದು ಇಸ್ತ್ರಿಪೆಟ್ಟಿಗೆಗಳು. "ಮಾರೋಕೆ ಬಾಗಿಲಿಗೆ ಬಂದೋರಿಗೆ ಬೇಡ ಅನ್ನಲ್ವಲ್ಲ ಈ ಮಹಾರಾಯರು!"

ವಿಭಾಗದ ಸಹಾಯಕಿಯನ್ನು ಎಲ್ಲರೂ ಅಕ್ಕ ಎನ್ನುತ್ತಾರೆ, ಅವರ ತಂದೆಯ ವಯಸ್ಸಿನ ರಾಯಭಾರಿಗಳೂ ಸೇರಿ. ಬೀಗ ಹಾಕುವುದರಿಂದ ಹಿಡಿದು ಕಡತ, ಹಾಜರಿ, ಜ್ವರ ಬಂದ ವಿದ್ಯಾರ್ಥಿಗೆ ಮಾತ್ರೆ ಕೊಡುವ ತನಕ ಎಲ್ಲವೂ ಅಕ್ಕನದೇ. ಹೊಸಬರು ಬಂದರೆ ಅವರನ್ನು ಮೊದಲು ಕರೆದೊಯ್ಯುವುದು ಗೋಡೆಯ ಮೇಲಿನ ಒಂದು ಫೋಟೊದ ಹತ್ತಿರ. ಬಂದರು, ಹಡಗಿನಿಂದ ಇಳಿಯುತ್ತಿರುವ ಸೊರಗಿದ ಮೀನುಗಾರರು, ಮುಂದೆ ಕೈ ಕುಲುಕುತ್ತಿರುವ ಎರಡು ದೇಶಗಳ ಮಂತ್ರಿಗಳು. ಬಲಗಡೆಯ ಅಂಚಿನಲ್ಲಿ ಯಾರದೋ ಕೋಟಿನ ಮೊಣಕೈ.

"ಈ ಮೊಣಕೈ ನಮ್ಮ ಸಾರ್‌ದು," ಎಂದು ನಿನ್ನೆ ನನಗೂ ತೋರಿಸಿದ್ದರು ಅಕ್ಕ, ಮಂತ್ರಿಗಳ ಕಡೆ ತಿರುಗಿಯೂ ನೋಡದೆ.

ಆ ಮೀನುಗಾರರು ಬಿರುಗಾಳಿಗೆ ಸಿಕ್ಕಿ ಸಮುದ್ರದ ಗಡಿ ದಾಟಿ ನೆರೆದೇಶದ ಜೈಲು ಸೇರಿದ್ದವರು. ಬಿಡಿಸುವ ಮಾತುಕತೆ ಮತ್ತೆ ಮತ್ತೆ ಮುರಿದುಬೀಳುತ್ತಿತ್ತು. ನಮ್ಮ ರಾಯಭಾರಿ ಆಗಿನ್ನೂ ಚಿಕ್ಕ ಅಧಿಕಾರಿ, ಕುರ್ಚಿ ಹಾಕಿಸುವುದು, ಕಾಗದ ಜೋಡಿಸುವುದು ಅವರ ಕೆಲಸ. "ದೊಡ್ಡವರು ಜಗಳ ಆಡ್ಕೊಂಡು ಎದ್ದು ಹೋದ್ರು. ನಾನು, ಆ ಕಡೆಯ ಒಬ್ಬ ಚಿಕ್ಕ ಅಧಿಕಾರಿ ಉಳ್ಕೊಂಡ್ವಿ. ಚಹಾ ಕುಡಿಯೋಣ ಬಾ ಅಂದೆ. ಅವರ ಕಡೆಯ ಸಂಕಟ ಏನು ಅಂತ ಕೇಳ್ದೆ. ಅವನು ಹೇಳಿದ್ದನ್ನ ಅವನಿಗೇ ತಿರುಗಿಸಿ ಹೇಳ್ದೆ, ನಂದೇ ಸಂಕಟ ಅನ್ನೋ ಹಾಗೆ. ಹೌದು ಮಾರಾಯ, ಇದೇ ಅಂದ. ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ದಾರಿ ತಾನಾಗೇ ತೆರೀತು." ಮೀನುಗಾರರು ಮನೆಗೆ ಬಂದರು. ಪತ್ರಿಕೆಗಳಲ್ಲಿ ಮಂತ್ರಿಗಳ ಹೆಸರು ಬಂತು.

ಈ ಕೋಣೆಯ ಮೇಜಿಗೆ ಇವರು ಹಾಕಿಕೊಟ್ಟ ನಿಯಮ ಹುಟ್ಟಿದ್ದು ಆ ಚಹಾದಿಂದಲೇ. ಇಲ್ಲಿ ಎದುರುಬದುರು ಕೂತವರು ಮೊದಲು ಎದುರಾಳಿಯ ವಾದವನ್ನು ಹೇಳಬೇಕು. ಎದುರಾಳಿ "ಹೌದು, ಇದೇ" ಎಂದ ಮೇಲಷ್ಟೇ ತನ್ನ ಮಾತು. ಮೊದಲ ವರ್ಷದ ಹುಡುಗರು ಇದಕ್ಕೆ ಒದ್ದಾಡಿಬಿಡುತ್ತಾರೆ. ಇಬ್ಬರು ಗೆಳತಿಯರು ಈ ಮೇಜಿನ ಮೇಲೆ ನದಿ ನೀರಿನ ಜಗಳ ಆಡಲು ಕೂತು ಕೊನೆಗೆ ತಮ್ಮಿಬ್ಬರ ಹಳೆಯ ಜಗಳವನ್ನೂ ಬಗೆಹರಿಸಿಕೊಂಡರೆಂದು ಅಕ್ಕ ಹೇಳಿದ್ದರು.

ಮೇಜು ಕೊನೆಗೂ ರಾಯಭಾರಿಗಳ ಮನಸ್ಸಿಗೆ ಬಂದ ಜಾಗದಲ್ಲಿ ನಿಂತಿದೆ. ಅಷ್ಟರಲ್ಲಿ ಹೊರಗೆ ಕಿರ್ರೆಂದು ಸದ್ದಾಗುತ್ತದೆ. ಹೋಗಿ ನೋಡಿದರೆ ಒಬ್ಬ ಬಡಗಿ ಏಣಿ ಹತ್ತಿ ವಿಭಾಗದ ಬೋರ್ಡಿನ ಸ್ಕ್ರೂ ಬಿಚ್ಚುತ್ತಿದ್ದಾನೆ.

"ಏನಪ್ಪಾ ಮಾಡ್ತಿದ್ದೀಯ?" ಎಂದು ಆಗತಾನೆ ಬಂದ ಅಕ್ಕ ಕೂಗುತ್ತಾರೆ.

"ಇದು ಕಂಪ್ಯೂಟರ್ ಪರೀಕ್ಷೆ ಕೋಣೆ ಆಗುತ್ತಂತಲ್ಲಕ್ಕ. ವಿಭಾಗ ರಾಜ್ಯಶಾಸ್ತ್ರಕ್ಕೆ ಸೇರ್ಕೊಳ್ಳುತ್ತಂತೆ. ಕುಲಪತಿ ಮೇಡಂ ಈಗ ನೋಡೋಕೆ ಬರ್ತಾರೆ." ಬಡಗಿ ಕೆಳಗೆ ನಿಂತ ರಾಯಭಾರಿಗಳನ್ನು ನೋಡಿ ತಬ್ಬಿಬ್ಬಾಗುತ್ತಾನೆ. "ನೀವೇ ಒಪ್ಕೊಂಡ್ರಂತಲ್ಲ ಸಾರ್?"

ಆಗಿದ್ದು ಇಷ್ಟು. ಹೋದ ತಿಂಗಳ ಸಭೆಯಲ್ಲಿ ಕುಲಪತಿಗಳು ಈ ಯೋಜನೆ ಮುಂದಿಟ್ಟಿದ್ದರು. ರಾಯಭಾರಿಗಳು ಎದ್ದು ನಿಂತು, "ಬಹಳ ಆಲೋಚನೆಗೆ ಅರ್ಹವಾದ ಸಲಹೆ. ಸಕಾಲದಲ್ಲಿ ಗಂಭೀರವಾಗಿ ಪರಿಶೀಲಿಸೋಣ" ಎಂದಿದ್ದರು. ಅವರ ಲೋಕದಲ್ಲಿ ಇದು ಮೇಜು ಗುದ್ದಿ ಬಾಗಿಲು ಬಡಿದುಕೊಂಡು ಹೋದದ್ದಕ್ಕೆ ಸಮ. ಮೇಡಂ ಪಾಪ, ಗಣಿತದವರು. ಒಪ್ಪಿದರು ಎಂದುಕೊಂಡು ಮುಂದಿನ ಕೆಲಸಕ್ಕೆ ಕೈ ಹಾಕಿದ್ದಾರೆ. ಅವರನ್ನು ಬೈಯೋಣವೆಂದರೆ ನನಗೆ ಬಾಯಿ ಬರುತ್ತಿಲ್ಲ.

"ಸಾರ್, ನೀವು ಆಗಲ್ಲ ಅಂದ್ರಾ ಇಲ್ವಾ? ಅಷ್ಟು ಹೇಳಿ," ಎಂದು ಅಕ್ಕ ಕೇಳುತ್ತಾರೆ.

"ಆ ಭಾವನೆ ಬರೋ ಹಾಗೆ ನಾನು..."

"ಭಾವನೆ ಬಿಡಿ ಸಾರ್!" ಅಕ್ಕ ಅವರ ಎದುರಿಗೇ ಬಂದು ನಿಲ್ಲುತ್ತಾರೆ. "ವಿಭಾಗ ಇದ್ರೆ ನಾನು. ನಂದು ಈ ವಿಭಾಗಕ್ಕೇ ಅಂತ ಇರೋ ಗುತ್ತಿಗೆ ಕೆಲಸ. ಬೋರ್ಡ್ ಹೋದ ದಿನ ನಾನೂ ಹೋದೆ. ತಂಗಿ ಓದು ಇನ್ನೂ ಮುಗಿದಿಲ್ಲ, ಅಮ್ಮ ಹಾಸಿಗೆ ಹಿಡಿದಿದ್ದಾಳೆ. ನಿಮ್ಮ ಮರ್ಯಾದೆ ಮಾತಿಗೆ ನನ್ನ ಅನ್ನ ಹೋಯ್ತಲ್ಲ ಸಾರ್."

ಇಷ್ಟು ಹೇಳಿ ಅಕ್ಕ ಆಫೀಸಿನೊಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾರೆ. ರಾಯಭಾರಿಗಳು ಕಾರಿಡಾರಿನ ಬೆಂಚಿನ ಮೇಲೆ ಕುಸಿದು ಕೂರುತ್ತಾರೆ. ನನಗೆ ಸಿಟ್ಟು ಬಂದಿದೆ. ಅಪರಿಚಿತ ಮೀನುಗಾರರ ಬಂಧನ ಬಿಡಿಸಿದವರಿಗೆ ತಮ್ಮ ಪಕ್ಕದ ಕೋಣೆಯಲ್ಲಿ ಕೂರುವವರ ಸಂಕಟ ಕಾಣದೇ ಹೋಯಿತಲ್ಲ! ಅದನ್ನು ಅವರ ಮುಖಕ್ಕೇ ಹೇಳಿಬಿಡೋಣ ಎಂದು ತಿರುಗುತ್ತೇನೆ. ಆ ಮುಖ ನೋಡಿ ಪಕ್ಕದಲ್ಲಿ ಕೂರುತ್ತೇನೆ.

"ಅಕ್ಕನ ಕೆಲಸ ವಿಭಾಗದ ಜೊತೆ ಕಟ್ಟಿದ್ದು ಅಂತ ನಂಗೆ ಗೊತ್ತಿರ್ಲಿಲ್ಲ," ಎನ್ನುತ್ತಾರೆ ಅವರು. "ನಾನು ಕೇಳೇ ಇಲ್ಲ ಇವರೇ. ಇಷ್ಟು ವರ್ಷ ಕೇಳೇ ಇಲ್ಲ."

ವಿದ್ಯಾರ್ಥಿಗಳು ಬಂದು ಕೂತ ಸ್ವಲ್ಪ ಹೊತ್ತಿಗೆ ಕುಲಪತಿ ಮೇಡಂ ಬರುತ್ತಾರೆ. ಕೈಯಲ್ಲಿ ಅಳತೆ ಟೇಪು ಹಿಡಿದ ಇಂಜಿನಿಯರ್ ಜೊತೆಗಿದ್ದಾರೆ. ರಾಯಭಾರಿಗಳು ಕೋಟು ಹಾಕಿಕೊಂಡು, ಮೇಡಂಗೆ ಮೇಜಿನ ಆ ಬದಿಯ ಕುರ್ಚಿ ತೋರಿಸಿ, ತಾವು ಈ ಬದಿ ಕೂರುತ್ತಾರೆ. ಆಫೀಸಿನ ಬಾಗಿಲು ಸ್ವಲ್ಪ ತೆರೆದಿದೆ, ಅಲ್ಲಿ ಅಕ್ಕ.

ನಿಯಮ ನಿಯಮವೇ. ರಾಯಭಾರಿಗಳು ಮೊದಲು ಮೇಡಂ ಅವರ ವಾದ ಹೇಳುತ್ತಾರೆ. ಪರೀಕ್ಷೆಯ ಕಂಪ್ಯೂಟರುಗಳು ನೆಲಮಾಳಿಗೆಯಲ್ಲಿ ತೇವ ಹಿಡಿದು ಕೂತಿವೆ. ಸಾವಿರಾರು ಮಕ್ಕಳು ಪಾಳಿಯಲ್ಲಿ ಕಾಯುತ್ತಾರೆ. ಮೇಲಿನವರು ದಿನಾ ಫೋನ್ ಮಾಡಿ ಕುಲಪತಿಗಳನ್ನು ಬೈಯುತ್ತಾರೆ. ಇಲ್ಲಿ ನೋಡಿದರೆ ಬೆರಳೆಣಿಕೆಯ ವಿದ್ಯಾರ್ಥಿಗಳಿಗೆ ಇಷ್ಟು ಗಾಳಿ ಬೆಳಕಿನ ಕೋಣೆ. ಅವರು ಹೇಳುತ್ತಾ ಹೋದಂತೆ ನನಗೇ ಅನ್ನಿಸತೊಡಗುತ್ತದೆ, ಅಯ್ಯೋ ಪಾಪ, ಈ ಕೋಣೆ ಕೊಟ್ಟುಬಿಡಬಾರದೇ ಎಂದು!

"ಹೌದು, ಇದೇ," ಎಂದು ಮೇಡಂ ನಿಟ್ಟುಸಿರಿಡುತ್ತಾರೆ. "ಇಷ್ಟು ಚೆನ್ನಾಗಿ ನನಗೇ ಹೇಳೋಕೆ ಬಂದಿರ್ಲಿಲ್ಲ."

ಬಾಗಿಲಲ್ಲಿ ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಈಗ ರಾಯಭಾರಿಗಳ ಸರದಿ. "ತಮ್ಮ ಸಲಹೆ ಬಹಳ ಆಲೋಚನೆಗೆ..." ಎಂದು ಶುರು ಮಾಡಿ ನಿಲ್ಲಿಸುತ್ತಾರೆ. ನೀರು ಕುಡಿಯುತ್ತಾರೆ. ಬಾಗಿಲ ಕಡೆ ನೋಡುತ್ತಾರೆ. ಮತ್ತೆ ನೀರು ಕುಡಿಯುತ್ತಾರೆ.

"ಆಗಲ್ಲ."

"ಏನಂದ್ರಿ?" ಮೇಡಂ ಮುಂದೆ ಬಾಗುತ್ತಾರೆ. ನಿಜಕ್ಕೂ ಕೇಳಿಸಿಲ್ಲ, ಅಷ್ಟು ಸಣ್ಣ ದನಿ.

"ಆಗಲ್ಲ ಮೇಡಂ. ಕೋಣೆ ಕೊಡೋಕಾಗಲ್ಲ. ವಿಭಾಗ ಸೇರಿಸೋದೂ ಬೇಡ." ಹಣೆಯ ಮೇಲೆ ಬೆವರು. ಕಣ್ಣು ಮೇಡಂ ಅವರ ಕುರ್ಚಿಯ ಮೇಲೆ. ಮೇಡಂ ಇನ್ನೇನು ಎದ್ದು ಹೋಗುತ್ತಾರೆ ಎಂದು ಕಾಯುತ್ತಿದ್ದಾರೆ, ಪುಣ್ಯಾತ್ಮ.

ಮೇಡಂ ಏಳುವುದಿಲ್ಲ. "ಅಲ್ಲ ಸಾರ್, ಇದನ್ನ ಆವತ್ತೇ ಹೇಳೋದಲ್ವಾ? ಇವರ್ಯಾಕೆ ಇಷ್ಟು ಸಲೀಸಾಗಿ ಒಪ್ಕೊಂಡ್ರು ಅಂತ ನಾನೇ ತಲೆ ಕೆಡಿಸ್ಕೊಂಡಿದ್ದೆ. ಸರಿ, ನನ್ನ ಮಕ್ಕಳನ್ನ ಎಲ್ಲಿ ಕೂರಿಸ್ಲಿ, ಅದನ್ನಾದ್ರೂ ಹೇಳಿ."

ಅಲ್ಲಿಂದ ಶುರುವಾದದ್ದು ನೋಡಬೇಕಿತ್ತು. ನೀರು ಕುಡಿಯುತ್ತಿದ್ದ ಮನುಷ್ಯ ಮಾಯ. ಪರೀಕ್ಷೆಯ ವಾರಗಳಲ್ಲಿ ಕೋಣೆ ಮೇಡಂಗೆ, ಆ ವಾರಗಳಲ್ಲಿ ಪಾಠ ಮರದ ಕೆಳಗಾದರೂ ಆದೀತು. ಉಳಿದ ಕಂಪ್ಯೂಟರುಗಳಿಗೆ ಗ್ರಂಥಾಲಯದ ಮೇಲಿನ ಹಾಲ್. ಬದಲಿಗೆ ವಿಭಾಗಕ್ಕೆ ಇನ್ನೊಂದು ವರ್ಷ ಯಾರೂ ಕೈ ಹಚ್ಚುವಂತಿಲ್ಲ. ಕೊನೆಯದಾಗಿ, ಅಕ್ಕನ ಕೆಲಸ ವಿಭಾಗದ ಲೆಕ್ಕದಿಂದ ವಿಶ್ವವಿದ್ಯಾಲಯದ ಲೆಕ್ಕಕ್ಕೆ ಹೋಗಬೇಕು. ನಾಳೆ ಬೋರ್ಡು ಬಿದ್ದರೂ ಅಕ್ಕ ಬೀಳಬಾರದು. "ಇದೊಂದು ಬಿಟ್ಟು ಬೇರೆ ಎಲ್ಲದರಲ್ಲೂ ಚೌಕಾಶಿ ಮಾಡಿ ಮೇಡಂ. ಇದರಲ್ಲಿ ಆಗಲ್ಲ," ಎನ್ನುತ್ತಾರೆ. ಈ ಸಲ ಅದು ಸಲೀಸಾಗಿ ಬರುತ್ತದೆ. ಮೇಡಂ ಇಂಜಿನಿಯರ್ ಕಡೆ ನೋಡುತ್ತಾರೆ, ಟೇಪಿನ ಕಡೆ ನೋಡುತ್ತಾರೆ, ಕೊನೆಗೆ ಹೂಂ ಎನ್ನುತ್ತಾರೆ. ಬರುವ ವರ್ಷ ಮತ್ತೆ ಕೂರೋಣ, ಆಗ ನನ್ನ ಸರದಿ ಎಂದು ಎಚ್ಚರಿಸಿ ಹೋಗುತ್ತಾರೆ.

ಬಡಗಿ ಗೊಣಗಿಕೊಂಡೇ ಬೋರ್ಡು ವಾಪಸ್ ಹಾಕುತ್ತಾನೆ. ತುಸು ಓರೆಯಾಗಿದೆ. ಅಕ್ಕ ಕಣ್ಣೊರೆಸಿಕೊಂಡು ಕೆಳಗೆ ನಿಂತು, "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಜೋರು ಮಾಡುತ್ತಿದ್ದಾರೆ. ಪಕ್ಕಕ್ಕೆ ಬಂದ ರಾಯಭಾರಿಗಳಿಗೆ, "ಮನೇಲಿ ಅಮ್ಮಂಗೆ ಹೇಳ್ತೀನಿ ಸಾರ್, ನೀವು ಆಗಲ್ಲ ಅಂದ್ರಿ ಅಂತ. ನಂಬೋದೇ ಇಲ್ಲ ಅವಳು," ಎನ್ನುತ್ತಾರೆ.

"ನಮ್ಮ ಮನೇಲೂ ನಂಬಲ್ಲ," ಎನ್ನುತ್ತಾರೆ ರಾಯಭಾರಿಗಳು. "ಅಮ್ಮನ ಆರೋಗ್ಯ ಈಗ ಹೇಗಿದೆ ಅಕ್ಕ? ಕೂತ್ಕೊಂಡು ಹೇಳು."

ನಮ್ಮ ಛಾಯಾಗ್ರಾಹಕ ಬರುವಷ್ಟರಲ್ಲಿ ಬಿಸಿಲು ಏರಿದೆ. ಎಲ್ಲರನ್ನೂ ಬೋರ್ಡಿನ ಕೆಳಗೆ ನಿಲ್ಲಿಸುತ್ತಾನೆ. "ಸಾರ್, ನೀವು ಮಧ್ಯಕ್ಕೆ ಬನ್ನಿ. ಲೇಖನ ನಿಮ್ಮ ಮೇಲಲ್ವಾ?" ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಾರೆ. 'ನೋಡೋಣ' ಬರುತ್ತದೆಂದು ಎಲ್ಲರಿಗೂ ಗೊತ್ತು.

"ಆಗಲ್ಲ!" ಎನ್ನುತ್ತಾರೆ ರಾಯಭಾರಿಗಳು, ಕಾರಿಡಾರಿನ ಆ ತುದಿಗೂ ಕೇಳುವಷ್ಟು ಜೋರಾಗಿ. ಹೇಳಿ ತಾವೇ ನಗುತ್ತಾರೆ.

ಮೇಲಿನ ಚಿತ್ರದಲ್ಲಿ ಓರೆ ಬೋರ್ಡಿನ ಕೆಳಗೆ ನಟ್ಟನಡುವೆ ನಿಂತವರು ಅಕ್ಕ. ಬಲಗಡೆಯ ಅಂಚಿನಲ್ಲಿ ಕಾಣುವ ಮೊಣಕೈ ಅವರ ಸಾರ್‌ದು.